ಟ್ರಯಂಫ್‌ಗೆ ನಾಲ್ಕನೇ ಸಿಲಿಂಡರ್ ಬೇಕಾ?

ಗಾಡಿ ಮಾತು: ಓದುಗರ ಪ್ರಶ್ನೆಗಳಿಗೆ, ಬೆಳಗಾವಿಯ ಉದ್ಯಮಬಾಗದಲ್ಲಿ 34 ವರ್ಷ ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿದವರ ಉತ್ತರ

ಪ್ರಶ್ನೆ: ಕಾಕಾ, ನಾನು ಟ್ರಯಂಫ್ ಸ್ಪೀಡ್ 400 ಓಡಿಸುತ್ತೇನೆ. ಗೆಳೆಯನ ಹತ್ತಿರ ಕವಾಸಾಕಿ ಝಡ್900 ಇದೆ, ನಾಲ್ಕು ಸಿಲಿಂಡರ್. ಅದರ ಸದ್ದು ಕೇಳಿದಾಗಿನಿಂದ ತಲೆಯಲ್ಲಿ ಒಂದೇ ಹುಳ. ಟ್ರಯಂಫ್‌ನವರೂ ಹಿಂದೆ ಸಾಲಾಗಿ ನಾಲ್ಕು ಸಿಲಿಂಡರ್ ಇರುವ ಗಾಡಿ ಮಾಡುತ್ತಿದ್ದರಂತೆ. ಅಷ್ಟು ಹಳೇ ಮನೆತನದ ಕಂಪನಿ ಅದನ್ನು ಮತ್ತೆ ತರಬೇಕಲ್ವಾ? ಗೆಳೆಯ ಮಾತ್ರ ‘ನಾಲ್ಕು ಅಂದರೆ ಜಪಾನ್, ಬಿಟ್ಟುಬಿಡು’ ಅನ್ನುತ್ತಾನೆ.
– ಓದುಗ, ನವನಗರ, ಬಾಗಲಕೋಟೆ

ಉತ್ತರ: ತಮ್ಮಾ, ತರಬಾರದು ಅಂತಲೇ ನಾನು ಹೇಳುತ್ತೇನೆ. ಆದರೆ ನಾಲ್ಕು ಸಿಲಿಂಡರ್ ಕಂಡರೆ ನನಗೆ ಆಗುವುದಿಲ್ಲ ಎಂದು ತಿಳಿಯಬೇಡ. ಅದರ ಮೇಲೆ ನನಗಿರುವ ಪ್ರೀತಿ ಮೊದಲು ಹೇಳಿಬಿಡುತ್ತೇನೆ.

1990ರ ದಶಕ. ಮೂರನೇ ರೈಲ್ವೆ ಗೇಟ್ ದಾಟಿ ಖಾನಾಪುರ ರಸ್ತೆಯಲ್ಲಿ ಮುಂದೆ ಬಂದರೆ ಉದ್ಯಮಬಾಗ. ಅಲ್ಲಿ ನಾನು ದಿನವಿಡೀ ಟ್ರ್ಯಾಕ್ಟರ್, ಲಾರಿ, ನೀರೆತ್ತುವ ಡೀಸೆಲ್ ಇಂಜಿನ್‌ಗಳ ಕ್ರ್ಯಾಂಕ್ ತಿರುವುತ್ತಿದ್ದೆ. ಪಿಸ್ಟನ್ನಿನ ಏರಿಳಿತವನ್ನು ಸುತ್ತುವ ಓಟವಾಗಿ ಮಾಡುವ ದಂಡವೇ ಕ್ರ್ಯಾಂಕ್. ಒಂದು ದಿನ ಕ್ಯಾಂಪ್ ಕಡೆಯಿಂದ ಮಿಲಿಟರಿ ಸಾಹೇಬರೊಬ್ಬರು ಬಂದರು. ಕೈಯಲ್ಲಿ ಗೋಣಿಚೀಲದ ಗಂಟು. ಬಿಚ್ಚಿದರೆ ಹೋಂಡಾ ಸಿಬಿ750ರ ಕ್ರ್ಯಾಂಕ್. ಬೇರಿಂಗಿನಲ್ಲಿ ಕೂರುವ ಐದು ಮೇನ್ ಜರ್ನಲ್, ಪಿಸ್ಟನ್ನಿನ ರಾಡ್ ಹಿಡಿಯುವ ನಾಲ್ಕು ಪಿನ್, ಎಲ್ಲ ಒಂದೇ ತುಂಡು ಉಕ್ಕು. ‘ಸವೆದಿದೆಯಾ ನೋಡಿ ಹೇಳಿ’ ಅಂದರು. ವಿ-ಬ್ಲಾಕ್ ಮೇಲಿಟ್ಟು, ಸೊಟ್ಟ ತೋರಿಸುವ ಡಯಲ್ ಹಚ್ಚಿ ತಿರುಗಿಸಿದೆ. ಮುಳ್ಳು ಅಲುಗಲೇ ಇಲ್ಲ ಅನ್ನಬೇಕು. ಆಗಲೇ ಅದಕ್ಕೆ ಇಪ್ಪತ್ತು ವರ್ಷ ದಾಟಿತ್ತು. ಮೈಕ್ರೋಮೀಟರ್ ಹಿಡಿದು ಐದೂ ಜರ್ನಲ್ ಅಳೆದೆ. ಮತ್ತೊಮ್ಮೆ ಅಳೆದೆ. ‘ಇದಕ್ಕೆ ನನ್ನ ಮಷಿನ್ ಬೇಡ ಸಾಹೇಬರೇ, ಹಾಗೇ ಕಟ್ಟಿ’ ಎಂದು ವಾಪಸು ಕೊಟ್ಟೆ. ದುಡ್ಡು ತೆಗೆದುಕೊಳ್ಳಲಿಲ್ಲ. ಅಂಥ ಕೆಲಸ ನೋಡಲು ಸಿಕ್ಕಿದ್ದೇ ಸಾಕಿತ್ತು.

ತಿಂಗಳ ನಂತರ ಅವರು ಗಾಡಿ ತೋರಿಸಲು ಬಂದರು. ನಿಂತಲ್ಲೇ ಚಾಲೂ ಇತ್ತು. ನಾವು ಕೇಳಿ ಬೆಳೆದ ಬುಲೆಟ್ಟಿನ ಡಗ್ ಡಗ್ ಇಲ್ಲ. ನೂಲು ಎಳೆದ ಹಾಗೆ ಒಂದೇ ಎಳೆ. ಹ್ಯಾಂಡಲ್ ಹಿಡಿದು ಸ್ವಲ್ಪ ಎಕ್ಸಲೇಟರ್ ಕೊಟ್ಟಾಗ ಮಾತ್ರ ಅಂಗೈಯಲ್ಲಿ ಸಣ್ಣಗೆ ಜುಮ್ ಅಂದಿತು, ಗ್ರೈಂಡರ್ ಹಿಡಿದು ಬಿಟ್ಟ ಮೇಲೆ ಆಗುತ್ತದಲ್ಲ, ಹಾಗೆ. ಆ ಜುಮ್ ಯಾಕೆ ಅನ್ನುವುದನ್ನು ಇದೇ ಪುಟದಲ್ಲಿ ಇನ್ನೊಬ್ಬರು ಕೇಳಿದ್ದಾರೆ, ಅಲ್ಲಿ ಹೇಳುತ್ತೇನೆ.

ಈಗ ನಿನ್ನ ಟ್ರಯಂಫ್‌ಗೆ ಬರೋಣ.

1902ರಿಂದ ಇಂಗ್ಲೆಂಡಿನಲ್ಲಿ ಮೋಟಾರ್‌ಸೈಕಲ್ ಮಾಡುತ್ತಾ ಬಂದ ಹೆಸರು ಅದು. ಅದಕ್ಕೆ ಮನೆತನ ತಂದುಕೊಟ್ಟ ಇಂಜಿನ್ ಎರಡು. ಒಂದು, 1937ರ ಸ್ಪೀಡ್ ಟ್ವಿನ್. ಎಡ್ವರ್ಡ್ ಟರ್ನರ್ ಮಾಡಿದ ಜೋಡಿ ಸಿಲಿಂಡರ್. ಇನ್ನೊಂದು, 1968ರ ಟ್ರೈಡೆಂಟ್, ಮೂರು ಸಿಲಿಂಡರ್, ಬರ್ಟ್ ಹಾಪ್‌ವುಡ್ ಮತ್ತು ಡಗ್ ಹೀಲ್ ಅವರ ಕೆಲಸ. ಈ ಟ್ರೈಡೆಂಟ್‌ನ ಕ್ರ್ಯಾಂಕ್ ಹೇಗೆ ಮಾಡುತ್ತಿದ್ದರು ಎಂದು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮೂರು ಪಿನ್‌ಗಳು 120 ಡಿಗ್ರಿಗೆ ಒಂದೊಂದು ಇರಬೇಕು. ಅವರು ಮೊದಲು ಕ್ರ್ಯಾಂಕನ್ನು ಚಪ್ಪಟೆಯಾಗಿ, ಪಿನ್ ಎಲ್ಲ ಒಂದೇ ಮಟ್ಟದಲ್ಲಿ ಇರುವಂತೆ ಫೋರ್ಜ್ ಮಾಡುತ್ತಿದ್ದರು, ಅಂದರೆ ಕಾಯಿಸಿ ಬಡಿದು ರೂಪ ಕೊಡುತ್ತಿದ್ದರು. ಆಮೇಲೆ ಮತ್ತೆ ಕೆಂಪಗೆ ಕಾಯಿಸಿ, ಬಟ್ಟೆ ಹಿಂಡಿದ ಹಾಗೆ ತಿರುಚಿ, ಪಿನ್‌ಗಳನ್ನು ಜಾಗಕ್ಕೆ ತರುತ್ತಿದ್ದರು. ಉಕ್ಕನ್ನು ತಿರುಚಿ, ನಂತರ ಗ್ರೈಂಡ್ ಮಾಡಿ, ಅಳತೆಗೆ ಕೂರಿಸುವುದು. ಈ ಕೆಲಸ ಮಾಡಿದವರಿಗೆ ಅದು ಎಷ್ಟು ಕಷ್ಟ ಅಂತ ಗೊತ್ತು. ಹಾಗೆ ಹುಟ್ಟಿದ ಇಂಜಿನ್ ಇದ್ದ ‘ಸ್ಲಿಪರಿ ಸ್ಯಾಮ್’ ಎಂಬ ಗಾಡಿ, ಐಲ್ ಆಫ್ ಮ್ಯಾನ್ ದ್ವೀಪದ ರಸ್ತೆಗಳಲ್ಲಿ ನಡೆಯುವ ಟಿಟಿಯ ಪ್ರೊಡಕ್ಷನ್ ರೇಸನ್ನು 1971ರಿಂದ 1975ರವರೆಗೆ ಐದು ವರ್ಷ ಸತತ ಗೆದ್ದಿತು.

ಆದರೆ ಅಂಗಡಿಯಲ್ಲಿ ಗೆದ್ದದ್ದು ಹೋಂಡಾ. 1969ರಲ್ಲಿ ಸಿಬಿ750 ಬಂತು. ನಾಲ್ಕು ಸಿಲಿಂಡರ್, ಬಟನ್ ಸ್ಟಾರ್ಟ್, ಮುಂದೆ ಡಿಸ್ಕ್ ಬ್ರೇಕ್. ಟ್ರೈಡೆಂಟ್‌ಗೆ ಆಗ ಕಿಕ್ಕರ್ ಮತ್ತು ಡ್ರಮ್ ಬ್ರೇಕ್. ಹೋಲಿಸುವುದೇ ಬೇಡ. 1972ರಲ್ಲಿ ಕವಾಸಾಕಿಯ ಝಡ್1 ಬಂತು, 903 ಸಿಸಿ. ಅಂದರೆ ನಿನ್ನ ಗೆಳೆಯನ ಝಡ್900ಗೆ ಅದು ಅಜ್ಜ. ನಾಲ್ಕು ಸಿಲಿಂಡರ್ ಅವರ ಮನೆಯಲ್ಲೇ ಹುಟ್ಟಿದ್ದಾ ಅಂದರೆ, ಇಲ್ಲ. ಬೆಲ್ಜಿಯಂನ ಎಫ್ಎನ್ ಕಂಪನಿ 1905ರಲ್ಲೇ ಸಾಲು ನಾಲ್ಕು ಮಾಡಿತ್ತು. ಅಮೆರಿಕದ ಇಂಡಿಯನ್ ಕೂಡ 1927ರಿಂದ 1942ರವರೆಗೆ ಮಾಡಿತು. ಆದರೆ ಅದನ್ನು ಅಡ್ಡಕ್ಕೆ ಕೂರಿಸಿ, ಸಾಮಾನ್ಯ ಜನರ ಕೈಗೆ ಎಟುಕುವಂತೆ ಸಾವಿರ ಸಾವಿರ ಮಾಡಿ, ಒಂದೂ ಎಣ್ಣೆ ಸೋರದಂತೆ ಕಟ್ಟಿ ಕೊಟ್ಟವರು ಜಪಾನಿನವರು. ನಿನ್ನ ಗೆಳೆಯನ ಮಾತಿನಲ್ಲಿ ಅಷ್ಟು ನಿಜವಿದೆ.

ಟ್ರಯಂಫ್‌ನ ಹಳೇ ಮೆರಿಡನ್ ಕಾರ್ಖಾನೆ 1983ರಲ್ಲಿ ಮುಚ್ಚಿತು. ಜಾನ್ ಬ್ಲೂರ್ ಎಂಬ ಮನೆ ಕಟ್ಟಿಸುವ ಉದ್ಯಮಿ ಹೆಸರು ಕೊಂಡು, ಹಿಂಕ್ಲಿಯಲ್ಲಿ ಹೊಸ ಕಾರ್ಖಾನೆ ಎಬ್ಬಿಸಿದರು. 1990ರಲ್ಲಿ ಜರ್ಮನಿಯ ಕಲೋನ್ ಪ್ರದರ್ಶನದಲ್ಲಿ ಹೊಸ ಗಾಡಿಗಳನ್ನು ತೋರಿಸಿದರು. ನೀನು ಕೇಳಿದ ನಾಲ್ಕು ಸಿಲಿಂಡರ್ ಹುಟ್ಟಿದ್ದು ಇಲ್ಲಿ. ಯಾಕೆ ಹುಟ್ಟಿತು ಅನ್ನುವುದು ಮುಖ್ಯ.

ಪಿಸ್ಟನ್ ಎಲ್ಲಕ್ಕೂ ಒಂದೇ, 76 ಮಿ.ಮೀ. ಅಗಲ. ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ಉದ್ದ, ಎರಡೇ ಬಗೆ, 55 ಅಥವಾ 65 ಮಿ.ಮೀ. ಮೂರು ಸಿಲಿಂಡರ್ ಕೂರಿಸಿ ಸಣ್ಣ ಸ್ಟ್ರೋಕ್ ಕೊಟ್ಟರೆ 750, ದೊಡ್ಡದು ಕೊಟ್ಟರೆ 900. ನಾಲ್ಕು ಕೂರಿಸಿದರೆ 1000 ಮತ್ತು 1200. ಕೈಯಲ್ಲಿ ದುಡ್ಡು ಕಡಿಮೆ, ಆದರೆ ಷೋರೂಮ್ ತುಂಬ ಬೇರೆ ಬೇರೆ ಗಾಡಿ ಬೇಕು. ಅದಕ್ಕೆ ಅದೇ ಟೂಲ್, ಅದೇ ಮಷಿನ್, ಒಂದು ಸಿಲಿಂಡರ್ ಸೇರಿಸು ಅಥವಾ ತೆಗೆ. ನಾನು ವರ್ಕ್‌ಶಾಪ್ ಮನುಷ್ಯ, ಈ ಲೆಕ್ಕ ನೋಡಿದರೆ ಕೈ ಮುಗಿಯುವಷ್ಟು ಖುಷಿಯಾಗುತ್ತದೆ. ಆ ನಾಲ್ಕು ಸಿಲಿಂಡರ್ ಹೊತ್ತ ಟ್ರೋಫಿ 1200 ಗಟ್ಟಿ ಗಾಡಿಯೂ ಹೌದು. ಆದರೆ ಆ ನಾಲ್ಕು, ಕಾರ್ಖಾನೆ ಬದುಕಲು ಹಾಕಿದ ಲೆಕ್ಕ. ಜನರ ಮನಸ್ಸಿನಲ್ಲಿ ಉಳಿದದ್ದು ಅದೇ ಸಾಲಿನ ಮೂರು ಸಿಲಿಂಡರ್. 1994ರಲ್ಲಿ ಬಂದ ಸ್ಪೀಡ್ ಟ್ರಿಪಲ್ ಇವತ್ತಿಗೂ ಅದೇ ಹೆಸರಿನಲ್ಲಿ ಓಡುತ್ತಿದೆ.

ಆಮೇಲೆ ಒಮ್ಮೆ ಅವರು ಜಪಾನಿನವರ ಅಂಗಳಕ್ಕೇ ಹೋಗಿ ಕುಸ್ತಿ ಹಿಡಿದರು. 2000ದಲ್ಲಿ ಟಿಟಿ600, ನಾಲ್ಕು ಸಿಲಿಂಡರ್. ಫ್ರೇಮ್ ಚೆನ್ನಾಗಿತ್ತು, ಆದರೆ ಕಡಿಮೆ ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ ಕಡಿಮೆ ಸುತ್ತು ತಿರುಗುವಾಗ, ಇಂಜಿನ್ ತಡವರಿಸುತ್ತದೆ ಎಂಬ ದೂರು ಬಂತು. ತಿದ್ದಿ 2003ರಲ್ಲಿ ಡೇಟೋನಾ 600 ತಂದರು. ಅದೇ ವರ್ಷ ಬ್ರೂಸ್ ಆನ್‌ಸ್ಟಿ ಅದರ ಮೇಲೆ ಕೂತು ಐಲ್ ಆಫ್ ಮ್ಯಾನ್‌ನಲ್ಲಿ ಜೂನಿಯರ್ ಟಿಟಿ ಗೆದ್ದರು. ಅಂದರೆ ಅವರಿಗೆ ನಾಲ್ಕು ಮಾಡಲು ಬರುವುದಿಲ್ಲ ಅನ್ನುವ ಹಾಗಿಲ್ಲ. ಬಂತು, ಗೆದ್ದರು. ಆದರೂ 2006ರಲ್ಲಿ ಅದನ್ನು ಪಕ್ಕಕ್ಕಿಟ್ಟು ಡೇಟೋನಾ 675 ತಂದರು. ಮೂರು ಸಿಲಿಂಡರ್. ಆಗ ಜಗತ್ತು ತಿರುಗಿ ನೋಡಿತು, ಯಾಕೆಂದರೆ ಅಂಥದ್ದು ಬೇರೆ ಯಾರ ಹತ್ತಿರವೂ ಇರಲಿಲ್ಲ.

ಇನ್ನೊಂದು ಸಂಗತಿ ನಿನ್ನ ಗೆಳೆಯನಿಗೆ ಹೇಳು. ಮೋಟೋಜಿಪಿಯ ಕೆಳಗಿನ ದರ್ಜೆಯಾದ ಮೋಟೋ2 ರೇಸಿನಲ್ಲಿ ಎಲ್ಲರಿಗೂ ಒಂದೇ ಕಂಪನಿಯ ಇಂಜಿನ್. 2010ರಿಂದ 2018ರವರೆಗೆ ಅದು ಹೋಂಡಾದ 600 ಸಿಸಿ, ನಾಲ್ಕು ಸಿಲಿಂಡರ್. 2019ರಿಂದ ಟ್ರಯಂಫ್‌ನ 765 ಸಿಸಿ, ಮೂರು ಸಿಲಿಂಡರ್. ಆ ಮೊದಲ ವರ್ಷವೇ ಮೋಟೋ2 ಗಾಡಿ 300 ಕಿ.ಮೀ. ವೇಗ ದಾಟಿತು. ನಾಲ್ಕು ಇದ್ದ ಜಾಗಕ್ಕೆ ಮೂರು ಹೋಗಿ ಕೂತಿದೆ. ಈಗ ಟ್ರಯಂಫ್ ಮತ್ತೆ ನಾಲ್ಕಕ್ಕೆ ಹೋದರೆ, ತಾನು ಗೆದ್ದುಕೊಂಡ ಹೊಲ ಬಿಟ್ಟು ಪಕ್ಕದವರ ಹೊಲ ಲಾವಣಿಗೆ ಹಿಡಿದ ಹಾಗೆ.

ಕವಾಸಾಕಿ 2020ರಲ್ಲಿ 250 ಸಿಸಿಯ ನಾಲ್ಕು ತಂತಲ್ಲ, 2023ರಲ್ಲಿ 400ರದ್ದೂ ತಂತಲ್ಲ ಎಂದು ನೀನು ಕೇಳಬಹುದು. ತರಲಿ, ತಂದದ್ದು ನನಗೂ ಸಂತೋಷವೇ. ಅದು ಅವರ ತವರು. ಆದರೆ ಸಣ್ಣ ನಾಲ್ಕಿನ ಕಷ್ಟವನ್ನೂ ತಿಳಿದುಕೋ. ಸಿಲಿಂಡರ್ ಸಣ್ಣದಾದಷ್ಟೂ, ಒಳಗಿನ ಜಾಗಕ್ಕೆ ಹೋಲಿಸಿದರೆ ಗೋಡೆ ಜಾಸ್ತಿ. ತಣ್ಣನೆಯ ಗೋಡೆಯ ಹತ್ತಿರ, ಪಿಸ್ಟನ್ ಸಂದಿಯಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುವುದಿಲ್ಲ. ಮೇಲಿನ ಆರ್‌ಪಿಎಂಗೆಂದು ವಾಲ್ವ್ ಜಾಸ್ತಿ ಹೊತ್ತು ತೆರೆದಿಟ್ಟರೆ, ಕೆಳಗಿನ ಆರ್‌ಪಿಎಂನಲ್ಲಿ ಹಸಿ ಪೆಟ್ರೋಲ್ ಹಾಗೇ ಸೈಲೆನ್ಸರ್ ಕಡೆ ಹೋಗುತ್ತದೆ. ಹೊಗೆಯ ನಿಯಮ ಬಿಗಿಯಾದಷ್ಟೂ ಇಂಥ ಇಂಜಿನ್ ಉಳಿಸುವ ಖರ್ಚು ಏರುತ್ತದೆ. ಹೋಂಡಾದ ಸಿಬಿ400 ಸೂಪರ್ ಫೋರ್ ಎಷ್ಟೋ ವರ್ಷ ಜಪಾನಿನ ಹುಡುಗರ ಕಣ್ಮಣಿ. 2022ರಲ್ಲಿ ಅದನ್ನೂ ನಿಲ್ಲಿಸಿದರು.

ನಮ್ಮ ರಸ್ತೆಯನ್ನೂ ನೋಡು. ಕಬ್ಬಿನ ಸೀಸನ್ನಿನಲ್ಲಿ ಬಾಗಲಕೋಟೆಯಿಂದ ಲೋಕಾಪುರ, ಯರಗಟ್ಟಿ ಮೇಲೆ ಬೆಳಗಾವಿಗೆ ಬಂದಿದ್ದೀಯಲ್ವಾ? ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್, ಹಿಂದೆ ದೀಪವಿಲ್ಲ. ಅದನ್ನು ದಾಟಲು 4,000 ಆರ್‌ಪಿಎಂನಲ್ಲಿ ಎಳೆಯುವ ಇಂಜಿನ್ ಬೇಕು. 11,000ಕ್ಕೆ ಹೋಗಿ ಹಾಡುವ ಇಂಜಿನ್ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಜಾಂಬೋಟಿ ದಾಟಿ ಚೋರ್ಲಾ ಘಾಟ್ ಇಳಿಯುವಾಗಲೂ ಅಷ್ಟೇ. ಗೆಳೆಯನ 948 ಸಿಸಿ ದೊಡ್ಡ ಇಂಜಿನ್, ಅದಕ್ಕೆ ಕೆಳಗೂ ಶಕ್ತಿಯಿದೆ. ಅದರ ಬೆಲೆ ಮಾತ್ರ ಬೇರೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಗಾಡಿಗೆ ಜಿಎಸ್‌ಟಿ 40 ಶೇಕಡಾ. ಅದರ ಮೇಲೆ ಹದಿನಾರು ವಾಲ್ವ್, ನಾಲ್ಕು ಥ್ರಾಟಲ್ ಬಾಡಿ. ಪುಣೆ ಹತ್ತಿರದ ಚಾಕಣದಲ್ಲಿ ಬಜಾಜ್ ಕಟ್ಟುವ ನಿನ್ನ ಗಾಡಿಗೆ ಸಿಲಿಂಡರ್ ಒಂದೇ, ವಾಲ್ವ್ ನಾಲ್ಕೇ.

ಒಂದೇ ಒಂದು ದಾರಿಯಿದೆ. 765ರ ಒಂದೊಂದು ಸಿಲಿಂಡರ್ 255 ಸಿಸಿ. ಅಂಥದ್ದೇ ನಾಲ್ಕು ಕೂರಿಸಿದರೆ 1020. ಅದೇ 78 ಮಿ.ಮೀ. ಪಿಸ್ಟನ್, ಅದೇ ವಾಲ್ವ್, 1990ರ ಅದೇ ಹಳೇ ಲೆಕ್ಕ. ಹೀಗೆ ಮಾಡಿದರೆ ಅದು ಅವರದೇ ರಕ್ತದ ನಾಲ್ಕು, ನಾನೂ ಒಪ್ಪುತ್ತೇನೆ. ಈ ಲೆಕ್ಕವನ್ನು ಕಾಗದದ ಮೇಲೆ ಎಷ್ಟೋ ಸಲ ಬರೆದು ನೋಡಿದ್ದೇನೆ. ಆದರೆ ಇಂಜಿನ್ ಅಗಲವಾಗುತ್ತದೆ, ತೂಕ ಏರುತ್ತದೆ, ಪಕ್ಕದಲ್ಲೇ ಅವರದೇ 1160 ಸಿಸಿ ಸ್ಪೀಡ್ ಟ್ರಿಪಲ್ ನಿಂತಿರುತ್ತದೆ. ಆಗ ಈ ನಾಲ್ಕನ್ನು ಯಾರಿಗಾಗಿ ಮಾಡುವುದು? ಪ್ರತಿ ಸಲ ನನ್ನ ಕಾಗದ ಅಲ್ಲಿಗೇ ನಿಲ್ಲುತ್ತದೆ.

ನಿನಗೆ ನಾಲ್ಕರ ಸದ್ದೇ ಬೇಕಿದ್ದರೆ ಗೆಳೆಯನ ಗಾಡಿ ಒಂದು ಭಾನುವಾರ ಕೇಳಿ ಓಡಿಸು. ಕಿತ್ತೂರಿನವರೆಗೆ ಹೆದ್ದಾರಿ ಚೆನ್ನಾಗಿದೆ. ಹೆಲ್ಮೆಟ್, ಜಾಕೆಟ್ ಎರಡೂ ಇರಲಿ. ಆಮೇಲೆ ಯಾವುದಾದರೂ ಷೋರೂಮಿನಲ್ಲಿ ಮೂರು ಸಿಲಿಂಡರ್‌ನ ಸ್ಟ್ರೀಟ್ ಟ್ರಿಪಲ್ ಟೆಸ್ಟ್ ರೈಡ್ ಕೇಳು. ಏನನಿಸಿತು ಅಂತ ನನಗೆ ಬರಿ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಎರಡನೇ ವರ್ಷ ಓದುತ್ತಿದ್ದೇನೆ. ನಾಲ್ಕು ಸಿಲಿಂಡರ್‌ನಲ್ಲಿ ಎರಡು ಪಿಸ್ಟನ್ ಮೇಲೆ ಹೋದರೆ ಎರಡು ಕೆಳಗೆ ಬರುತ್ತವೆ. ಹಾಗಾದರೆ ಪೂರ್ತಿ ಸಮತೋಲ ಇರಬೇಕು. ಆದರೂ ಹ್ಯಾಂಡಲ್ ಯಾಕೆ ನಡುಗುತ್ತದೆ? ಪುಸ್ತಕದ ಸೂತ್ರ ಬಾಯಿಪಾಠ ಇದೆ, ಆದರೆ ಕಣ್ಣಿಗೆ ಕಟ್ಟುವುದಿಲ್ಲ.
– ವಿದ್ಯಾರ್ಥಿನಿ, ಗೋಕಾಕ

ಉತ್ತರ: ತಂಗೀ, ಒಳ್ಳೆಯ ಪ್ರಶ್ನೆ. ಸೂತ್ರ ಒಂದು ಕಡೆ ಇಡು. ಒಂದು ರಟ್ಟು, ಎರಡು ಗುಂಡುಪಿನ್, ಒಂದು ಕಡ್ಡಿ ತೆಗೆದುಕೋ. 30 ಮಿ.ಮೀ. ತ್ರಿಜ್ಯದ ಚಕ್ರ ಕತ್ತರಿಸು, ಅದು ಕ್ರ್ಯಾಂಕ್. 120 ಮಿ.ಮೀ. ಕಡ್ಡಿಯ ಒಂದು ತುದಿಯನ್ನು ಚಕ್ರದ ಅಂಚಿಗೆ ಚುಚ್ಚು, ಅದು ಕನೆಕ್ಟಿಂಗ್ ರಾಡ್. ಇನ್ನೊಂದು ತುದಿ ನೇರ ಗೆರೆಯ ಮೇಲೆ ಜಾರಲಿ, ಅದು ಪಿಸ್ಟನ್. ಈಗ ಪಿಸ್ಟನ್ ತುತ್ತತುದಿಯಲ್ಲಿ ಇರುವಾಗ ಶುರು ಮಾಡಿ ಚಕ್ರವನ್ನು ಕಾಲು ಸುತ್ತು ತಿರುಗಿಸು. ಪಿಸ್ಟನ್ ಎಷ್ಟು ಇಳಿಯಿತು ಅಳೆ. ಒಟ್ಟು ಓಟ 60 ಮಿ.ಮೀ., ಹಾಗಾಗಿ 30 ಬರಬೇಕು ಅನ್ನಿಸುತ್ತದೆ. ಬರುವುದಿಲ್ಲ. ಹತ್ತಿರ ಹತ್ತಿರ 34 ಬರುತ್ತದೆ. ಮುಂದಿನ ಕಾಲು ಸುತ್ತಿಗೆ ಉಳಿದದ್ದು 26 ಮಾತ್ರ.

ಕಡ್ಡಿ ಓರೆಯಾಗಿದ್ದೇ ಕಾರಣ. ಓರೆಯಾದಾಗ ಅದು ಪಿಸ್ಟನ್ನನ್ನು ಇನ್ನಷ್ಟು ಕೆಳಗೆ ಎಳೆಯುತ್ತದೆ. ಹಾಗಾಗಿ ಪಿಸ್ಟನ್ ಮೇಲಿನ ಅರ್ಧದಲ್ಲಿ ಜೋರು, ಕೆಳಗಿನ ಅರ್ಧದಲ್ಲಿ ನಿಧಾನ. ಮೇಲಿನ ತುದಿಯಲ್ಲಿ ತಿರುಗುವ ಎರಡು ಪಿಸ್ಟನ್‌ಗಳ ಎಳೆತ ಜಾಸ್ತಿ, ಕೆಳಗಿನ ತುದಿಯಲ್ಲಿ ತಿರುಗುವ ಎರಡರದ್ದು ಕಡಿಮೆ. ಒಂದನ್ನೊಂದು ಪೂರ್ತಿ ಹೊಡೆದು ಹಾಕುವುದಿಲ್ಲ. ಉಳಿದದ್ದು ಪ್ರತಿ ಸುತ್ತಿಗೆ ಎರಡು ಸಲ ಇಂಜಿನ್ನನ್ನು ಮೇಲೆ ಕೆಳಗೆ ಅಲುಗಿಸುತ್ತದೆ. 6,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 200 ಸಲ. ಮೇಲೆ ಹೇಳಿದ ಸಾಹೇಬರ ಹೋಂಡಾದಲ್ಲಿ ನನ್ನ ಅಂಗೈಗೆ ತಾಗಿದ ಜುಮ್ ಅದೇ.

ಮೂರು ಸಿಲಿಂಡರ್‌ನಲ್ಲಿ ಪಿನ್‌ಗಳು 120 ಡಿಗ್ರಿಗೆ ಇರುವುದರಿಂದ ಸುತ್ತಿಗೆ ಎರಡು ಸಲ ಬರುವ ಈ ಎರಡನೇ ಬಗೆಯ ಎಳೆತವೂ ರದ್ದಾಗುತ್ತದೆ. ಅದರ ತೊಂದರೆ ಬೇರೆ. ಎಡದ ತುದಿ ಏರಿದಾಗ ಬಲದ ತುದಿ ಇಳಿಯುತ್ತದೆ, ತೊಟ್ಟಿಲಿನ ಹಾಗೆ ತೂಗುತ್ತದೆ. ಅದಕ್ಕೆ ಎದುರು ತಿರುಗುವ ಬ್ಯಾಲೆನ್ಸ್ ಶಾಫ್ಟ್ ಹಾಕುತ್ತಾರೆ. ರಾಯಲ್ ಎನ್‌ಫೀಲ್ಡ್ 650ಯ, ಎರಡು ಪಿನ್ ನಡುವೆ 270 ಡಿಗ್ರಿ ಇರುವ ಜೋಡಿ ಸಿಲಿಂಡರಿನಲ್ಲೂ ಎರಡನೇ ಬಗೆಯ ಎಳೆತ ಒಂದನ್ನೊಂದು ಹೊಡೆದು ಹಾಕುತ್ತದೆ. ಯಾಕೆ ಎಂದು ರಟ್ಟಿನ ಎರಡನೇ ಚಕ್ರ ಮಾಡಿ ನೀನೇ ಕಂಡುಹಿಡಿ. ರಜೆಯಲ್ಲಿ ಬೆಳಗಾವಿಗೆ ಬಂದರೆ ಉದ್ಯಮಬಾಗದ ಯಾವುದಾದರೂ ಕ್ರ್ಯಾಂಕ್ ಶೆಡ್ಡಿಗೆ ಹೋಗಿ ನಿಂತು ನೋಡು. ಕಲಿಯಲು ಬಂದವರನ್ನು ಇಲ್ಲಿ ಯಾರೂ ಬೇಡ ಅನ್ನುವುದಿಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ 600 ಸಿಸಿ ನಾಲ್ಕು ಸಿಲಿಂಡರ್ ಗಾಡಿ ಕಡಿಮೆ ರೇಟಿಗೆ ಬಂದಿದೆ. ಹತ್ತು ವರ್ಷ ಹಳೆಯದು. ತೆಗೆದುಕೊಳ್ಳಲೇ?
– ಓದುಗ, ವಿಜಯಪುರ

ಉತ್ತರ: ಗಾಡಿ ನೋಡಲು ಹೋಗುವ ಮೊದಲೇ ಫೋನ್ ಮಾಡಿ, ‘ನಾನು ಬರುವವರೆಗೆ ಚಾಲೂ ಮಾಡಬೇಡಿ’ ಎನ್ನಿ. ತಣ್ಣಗಿದ್ದಾಗ ಇಂಜಿನ್ ಮುಟ್ಟಿ ನೋಡಿ ಸ್ಟಾರ್ಟ್ ಮಾಡಿ. ಶುರುವಿನ ಒಂದೆರಡು ನಿಮಿಷ ನಾಲ್ಕೂ ಪೈಪ್ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ತಡವಾಗಿ ಬಿಸಿಯಾದರೆ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಬಲಕ್ಕೋ ಎಡಕ್ಕೋ ಕಟ ಕಟ ಸರಪಳಿ ಸದ್ದು ಬಂದು, ಬಿಸಿಯಾದ ಮೇಲೂ ನಿಲ್ಲದಿದ್ದರೆ ಕ್ಯಾಮ್ ಚೈನ್ ನೋಡಿಸಬೇಕು.

ಮುಖ್ಯ ಮಾತು ಫ್ಯಾನ್. ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಗಾಡಿ ನಿಲ್ಲಿಸಿಕೊಂಡೇ ಬಿಸಿಯಾಗಲು ಬಿಡಿ. ಫ್ಯಾನ್ ತಾನಾಗಿಯೇ ತಿರುಗಬೇಕು, ಬಿಸಿ ಇಳಿದ ಮೇಲೆ ತಾನಾಗಿಯೇ ನಿಲ್ಲಬೇಕು. ಗೋಲ್ ಗುಂಬಜ್ ಮುಂದಿನ ಟ್ರಾಫಿಕ್ಕಿನಲ್ಲಿ ಫ್ಯಾನ್ ಕೈಕೊಟ್ಟರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ಹದಿನಾರು ವಾಲ್ವ್‌ಗಳ ಕ್ಲಿಯರೆನ್ಸ್ (ಸಂದಿಯ ಅಳತೆ) ಕೊನೆಗೆ ಯಾವಾಗ ನೋಡಿಸಿದರು ಎಂದು ಕೇಳಿ, ಬಿಲ್ ತೋರಿಸಲು ಹೇಳಿ. ಬಿಲ್ ಇಲ್ಲದಿದ್ದರೆ ಆ ಖರ್ಚು ನಿಮ್ಮದು ಎಂದು ರೇಟಿನಲ್ಲಿ ಇಳಿಸಿ. ಇನ್ನೊಂದು ಕೆಲಸ. ದುಡ್ಡು ಕೊಡುವ ಮುಂಚೆ ಕ್ಲಚ್ ಪ್ಲೇಟ್ ಸೆಟ್ ಮತ್ತು ಬ್ರೇಕ್ ಪ್ಯಾಡ್‌ಗೆ ಒಮ್ಮೆ ವಿಚಾರಿಸಿ ನೋಡಿ. ಒಂದು ವಾರದಲ್ಲಿ ಎಲ್ಲಿಂದ, ಎಷ್ಟಕ್ಕೆ ಬರುತ್ತದೆ ಎಂಬ ಉತ್ತರ ಸಿಗದಿದ್ದರೆ ಗಾಡಿ ಬಿಡಿ. ನನ್ನ ಅಳಿಯ ಇಂಥದ್ದೇ ಒಂದು ಗಾಡಿ ತಂದು, ಒಂದು ಸಣ್ಣ ಸೆನ್ಸರ್‌ಗಾಗಿ ಐದು ತಿಂಗಳು ನಿಲ್ಲಿಸಿದ. ಆ ಐದು ತಿಂಗಳೂ ಅವನ ಮುಖ ನೋಡಲು ಆಗುತ್ತಿರಲಿಲ್ಲ.

ಪ್ರಶ್ನೆ: ಬುಲೆಟ್ ಗುಡುಗುತ್ತದೆ, ನಾಲ್ಕು ಸಿಲಿಂಡರ್ ಕೂಗುತ್ತದೆ. ಪೆಟ್ರೋಲ್ ಒಂದೇ, ಸದ್ದು ಯಾಕೆ ಬೇರೆ?
– ಓದುಗ, ಇಳಕಲ್

ಉತ್ತರ: ಎಣಿಸಿ ನೋಡಿ. ಫೋರ್ ಸ್ಟ್ರೋಕ್ ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. ಬುಲೆಟ್ 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 25 ಸಲ ಉರಿಯುತ್ತದೆ. ನಾಲ್ಕು ಸಿಲಿಂಡರ್ 12,000ದಲ್ಲಿ ಸೆಕೆಂಡಿಗೆ 400 ಸಲ, ಅದೂ ಸಮ ಅಂತರದಲ್ಲಿ. 25 ಅಂದರೆ ಕಿವಿಗೆ ಪೆಟ್ಟು ಪೆಟ್ಟಾಗಿ ಕೇಳುತ್ತದೆ, ಡೊಳ್ಳಿನ ಹಾಗೆ. 400 ಅಂದರೆ ಒಂದೇ ಸ್ವರ, ಸನಾದಿಯ ಹಾಗೆ. ಟ್ರಯಂಫ್‌ನ ಮೂರು ಸಿಲಿಂಡರ್ ಇವೆರಡರ ನಡುವೆ ನಿಲ್ಲುತ್ತದೆ. ನನ್ನ ಕಿವಿಗೆ ಅದೇ ಹಿತ.

ಪ್ರಶ್ನೆ: ಅಪ್ಪನ ಯೆಜ್ಡಿ ರೋಡ್‌ಕಿಂಗ್ ಹದಿನೈದು ವರ್ಷದಿಂದ ಗೋಡೌನಿನಲ್ಲಿದೆ. ಎರಡು ಸೈಲೆನ್ಸರ್ ಇವೆ, ಹಾಗಾದರೆ ಎರಡು ಸಿಲಿಂಡರ್ ಅಲ್ವಾ? ಈ ದೀಪಾವಳಿಗೆ ಚಾಲೂ ಮಾಡಿ ಅಪ್ಪನಿಗೆ ತೋರಿಸಬೇಕು.
– ಓದುಗ, ಜಮಖಂಡಿ

ಉತ್ತರ: ಸಿಲಿಂಡರ್ ಒಂದೇ. ಒಂದೇ ಸಿಲಿಂಡರ್‌ನಿಂದ ಎರಡು ಪೈಪ್ ಹೊರಡುತ್ತವೆ, ಮೈಸೂರಿನಿಂದ ಬರುತ್ತಿದ್ದ ಆ ಗಾಡಿಗಳ ಗುರುತೇ ಅದು. ಈಗಲೇ ಕಿಕ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ ಎರಡು ಚಮಚ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಮಾರನೇ ದಿನ ಕೈಯಿಂದ ಮೆಲ್ಲಗೆ ತಿರುಗಿಸಿ. ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ತೆಗೆದು, ತುಕ್ಕು ತೊಳೆದು, ಹೊಸ ಪೆಟ್ರೋಲಿಗೆ 2ಟಿ ಎಣ್ಣೆ ಬೆರೆಸಿ ಹಾಕಿ. ಚಾಲೂ ಆದ ಮೇಲೆ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ಗೇರ್‌ಬಾಕ್ಸ್ ಎಣ್ಣೆಯೂ ಕಡಿಮೆಯಾಗುತ್ತಾ ಹೋದರೆ, ಕ್ರ್ಯಾಂಕ್ ಸೀಲ್ ಒಣಗಿ ಬಿರಿದಿದೆ. ಆಗ ಇಂಜಿನ್ ಬಿಚ್ಚಲೇಬೇಕು. ಬಿಚ್ಚಿದಾಗ ಬೇರಿಂಗ್ ಕೂಡ ಹೊಸದು ಹಾಕಿಸಿ, ಮತ್ತೆ ಮತ್ತೆ ಬಿಚ್ಚುವುದು ಬೇಡ. ದೀಪಾವಳಿಗೆ ಸಮಯವಿದೆ, ಮೊದಲು ಸೀಲ್ ಹುಡುಕಿ ತಂದಿಟ್ಟುಕೊಳ್ಳಿ.